ಸಿಸ್ಟರಮ್ಮನ ಕಂಪ್ಯೂಟರು

ಟಿ. ನರಸೀಪುರದಲ್ಲಿ ಒಬ್ಬ ನಿವೃತ್ತ ನರ್ಸ್ ಇದ್ದರು. ಊರಿನವರಿಗೆಲ್ಲ ಅವರು ಸಿಸ್ಟರಮ್ಮ. ಹೆರಿಗೆಯಲ್ಲಿ ರಕ್ತ ಸಿಗದೆ ಅವರ ತಂಗಿ ತೀರಿಕೊಂಡಿದ್ದಳು. ಆಮೇಲೆ ಅವರು ಕೆಲಸದ ಮೇಲೆ ಹೋದ ಹಳ್ಳಿಗಳಲ್ಲೆಲ್ಲ ರಕ್ತ ಕೊಡಲು ಒಪ್ಪುವವರನ್ನು ಹುಡುಕಿ, ಅವರ ಹೆಸರು, ರಕ್ತದ ಗುಂಪು, ಫೋನ್ ನಂಬರು ಕೇಳಿ ಇಟ್ಟುಕೊಳ್ಳತೊಡಗಿದರು. ತೊಂಬತ್ತರ ದಶಕದ ಕೊನೆಯಲ್ಲಿ, ಕೂದಲು ನೆರೆತ ಮೇಲೆ, ಟೈಪಿಂಗ್ ಕಲಿತು ಅಷ್ಟನ್ನೂ ಕಂಪ್ಯೂಟರಿಗೆ ಹಾಕಿದ್ದರು.

ಕೆಲವು ವರ್ಷಗಳ ನಂತರ ಆ ಕಂಪ್ಯೂಟರ್ ಕೆಟ್ಟು ಮೂಲೆ ಸೇರಿತು. ನಾನಾಗ ನಂಜನಗೂಡಿನ ಕಂಪ್ಯೂಟರ್ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದೆ. ಸಿಸ್ಟರಮ್ಮ ನಮ್ಮಲ್ಲಿ ಹೊಸದೊಂದನ್ನು ಕೊಂಡಾಗ, ಅದನ್ನು ಜೋಡಿಸಿಕೊಡಲು ಅಂಗಡಿಯವರು ನನ್ನನ್ನೇ ಕಳಿಸಿದರು. ಹಳೆಯದರ ಡಿಸ್ಕಿನಲ್ಲಿ ಫೈಲುಗಳೇನೋ ಉಳಿದಿದ್ದವು, ಹೊಸದಕ್ಕೆ ಹಾಕಿಕೊಂಡೆ, ಆದರೆ ಹೊಸ ಪ್ರೋಗ್ರಾಮು ಅವನ್ನು ನೇರವಾಗಿ ಓದಲಾರದು. ಎರಡರ ನಡುವೆ ಡ್ರೈವರ್ ಎಂಬ ಸಾಫ್ಟ್‌ವೇರ್ ಕೂರಿಸಿ, ಸಂಪರ್ಕಕ್ಕೊಂದು ಹೆಸರು ಕೊಟ್ಟು, ಫೈಲುಗಳಿರುವ ಜಾಗ ತೋರಿಸಬೇಕು. ಮಾಡಿದೆ. ಕನೆಕ್ಷನ್ ಆಗಲಿಲ್ಲ. ಮತ್ತೆ ಮಾಡಿದೆ. ಅದೇ ಎರರ್.

"ಆಯ್ತದೆ ಬುಡವ್ವ, ಮೊದ್ಲು ಊಟ ಮಾಡು" ಎಂದು ಸಿಸ್ಟರಮ್ಮ ಮುದ್ದೆ, ಹುರುಳಿಕಾಳಿನ ಸಾರು ತಂದಿಟ್ಟರು. ಉಂಡು ಬಂದು ನೋಡಿದರೆ, ಸಂಪರ್ಕದ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿತ್ತು. ತಿದ್ದಿದ ಕೂಡಲೇ ಪರದೆಯ ತುಂಬ ಹೆಸರುಗಳು ಬಂದವು. ಅವರು ಕುರ್ಚಿ ಎಳೆದುಕೊಂಡು ಒಂದೊಂದನ್ನೇ ಗಟ್ಟಿಯಾಗಿ ಓದಿದರು. "ಇವ್ನು ಹೆಡತಲೆ ಊರ್ನವ್ನು, ಸೂಜಿ ಕಂಡ್ರೆ ಕಣ್ಮುಚ್ಕೋತಿದ್ದ. ಈ ಹುಡ್ಗಿ ಹೆಮ್ಮರಗಾಲದ್ದು, ಭಾಳ ಧೈರ್ಯ."

ಮುಂದಿನ ವಾರ ಪ್ರಿಂಟರ್ ಜೋಡಿಸಲು ಹೋಗಿದ್ದೆ. ಮೂಗೂರಿನವನೊಬ್ಬ ಓಡುತ್ತಾ ಬಂದ.

"ಸಿಸ್ಟರಮ್ಮ, ನಮ್ಮೆಂಗ್ಸಿಗೆ ಎರಿಗೆ ಆಪರೇಸನ್ನಂತೆ. ಅದೇನೋ ಓ ನೆಗೆಟಿವ್ ಅಂತೆ, ಎಲ್ಲೂ ಸಿಕ್ತಿಲ್ವಂತೆ!"

ಕ್ಷಣದಲ್ಲಿ ಆ ಗುಂಪಿನವರ ಹೆಸರು, ನಂಬರು ಹುಡುಕಿಕೊಟ್ಟೆ. ನನಗೆ ಒಳಗೊಳಗೇ ಹೆಮ್ಮೆ. ಸಿಸ್ಟರಮ್ಮ ಫೋನ್ ಹಿಡಿದು ಕೂತರು. ಮೊದಲನೆಯದು ಹಳ್ಳಿಯ ಎಸ್‌ಟಿಡಿ ಬೂತಿನ ನಂಬರು, ಬೂತು ಮುಚ್ಚಿಹೋಗಿತ್ತು. ಇನ್ನೊಂದು ಮನೆಯವರು ಮೊಬೈಲ್ ಬಂದ ಮೇಲೆ ಲೈನ್ ತೆಗೆಸಿದ್ದರು. ಹೆಮ್ಮರಗಾಲದ ಹುಡುಗಿ ಮದುವೆಯಾಗಿ ತಮಿಳುನಾಡಿಗೆ ಹೋಗಿದ್ದಳು. ಕೊನೆಗೆ ಒಂದು ಕಡೆ ಮಗ ಫೋನೆತ್ತಿ, "ನಮ್ಮಪ್ಪ ಓಗ್ಬುಟ್ರು ಕಣವ್ವ, ನಿಮ್ಗೆ ಗೊತ್ತಾಗ್ನಿಲ್ವಾ?" ಎಂದ.

ಅಷ್ಟರಲ್ಲಿ ಆಸ್ಪತ್ರೆಯವರು ಮೂಗೂರಿನವನ ಹೆಂಡತಿಯನ್ನು ಮೈಸೂರಿಗೆ ಸಾಗಿಸಿದರು. ಅಲ್ಲಿ ರಕ್ತ ಸಿಕ್ಕಿತು, ತಾಯಿ ಮಗು ಇಬ್ಬರೂ ಉಳಿದರು. ಸುದ್ದಿ ಬಂದಾಗ ಸಿಸ್ಟರಮ್ಮ ದೇವರಿಗೆ ಕೈಮುಗಿದರು. ಆದರೆ ಮುಖದಲ್ಲಿ ಗೆಲುವಿರಲಿಲ್ಲ.

"ನಾನು ಬರ್ಕೊಂಡ್ ದಿನ ಹೆಂಗಿದ್ರೋ ಹಂಗೇ ಇರ್ತಾರೆ ಅಂದ್ಕೊಬುಟ್ಟಿದ್ದೆ ಕಣವ್ವ" ಎಂದರು.

"ಊರೂರಿಗೆ ಮತ್ತೆ ಹೋಗಿ ಹೊಸ ನಂಬರು ಕೇಳ್ಕೊಂಡು ಬರೋಣ, ನಾನೂ ಬತ್ತೀನಿ" ಎಂದೆ. ಮಂಡಿನೋವು ಎಂದು ಮೊದಲು ಒಪ್ಪಲಿಲ್ಲ. ಬಿಡದೆ ಕಾಡಿದ ಮೇಲೆ ಒಂದು ಭಾನುವಾರ ಇಬ್ಬರೂ ಹೆಡತಲೆಗೆ ಬಸ್ಸು ಹತ್ತಿದೆವು.

ಅಲ್ಲಿ ಜನ ಅವರನ್ನು ಮರೆತಿರಲಿಲ್ಲ. ಜಗುಲಿಯಲ್ಲಿ ಕೂರಿಸಿ ಮಜ್ಜಿಗೆ ಕೊಟ್ಟರು. ಸೂಜಿಗೆ ಹೆದರುತ್ತಿದ್ದವನು ಈಗ ಮೀಸೆ ಬಿಟ್ಟ ಗೃಹಸ್ಥ. ತನ್ನ ಮೊಬೈಲ್ ನಂಬರು ಹೇಳಿ, "ಈಗ್ಲೂ ಕಣ್ಮುಚ್ಕೋತೀನಿ ಕಣವ್ವ, ಆದ್ರೂ ಕೂಗಿ, ಬತ್ತೀನಿ" ಎಂದ. ಸಿಸ್ಟರಮ್ಮ ಬಾಯಿತುಂಬ ನಕ್ಕರು. ವಾಪಸು ಬರುವಾಗ, ಮುಂದಿನ ವಾರ ಹೆಮ್ಮರಗಾಲ ಎಂದು ಅವರೇ ಹೇಳಿದರು.

ಆ ವಾರ ಬರಲೇ ಇಲ್ಲ. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಅಣ್ಣನ ಮಗ ಬಂದು ಕೊಳ್ಳೇಗಾಲಕ್ಕೆ ಕರೆದುಕೊಂಡು ಹೋದ. ಮನೆ ಬಾಡಿಗೆಗೆ ಹೋಯಿತು, ಕಂಪ್ಯೂಟರು ಎಲ್ಲಿಗೆ ಹೋಯಿತೋ ನನಗೆ ತಿಳಿಯಲಿಲ್ಲ. ಅವರು ಮತ್ತೆ ಎದ್ದು ಓಡಾಡಲಿಲ್ಲವಂತೆ.

ಹೆಡತಲೆಯಲ್ಲಿ ಸಿಕ್ಕಂಥ ಭಾನುವಾರ ಇನ್ನೂ ಎಷ್ಟೋ ಊರುಗಳಲ್ಲಿ ಅವರಿಗೆ ಸಿಗಬೇಕಿತ್ತು ಎಂದು ಈಗಲೂ ಅನ್ನಿಸುತ್ತದೆ. ಅಷ್ಟು ಜಗುಲಿಗಳಲ್ಲಿ ಅವರಿಗಾಗಿ ಚಾಪೆ ಹಾಸುವ ಜನ ಇದ್ದರು.