ಲೆಫ್ಟ್ ಕಾರ್ನರನ್ನು ಕೇಳಿದವರು

ನಮ್ಮ ಕಾಲೇಜಿಗೆ ಮೈದಾನವಿಲ್ಲ. ಬೈಕುಲ್ಲಾ ಮಾರ್ಕೆಟ್ಟಿನ ಹಿಂದೆ ಒಂದು ಹಳೆಯ ಬಿಲ್ಡಿಂಗಿನ ಮೇಲಿನ ಮಹಡಿಗಳಷ್ಟೇ ಅದರವು. ಕೆಳಗೆಲ್ಲ ಈರುಳ್ಳಿ, ಬೆಳ್ಳುಳ್ಳಿಯ ಗೋಡೌನು. ಟೆರೇಸಿನ ಮೇಲೆ ಮ್ಯಾಟ್ ಹಾಸಿ ಹುಡುಗಿಯರಿಗೆ ಕಬಡ್ಡಿ ಕಲಿಸುವುದು ನನ್ನ ನೌಕರಿ. ರೇಡಿಗೆ ಹೋಗಿ ವಾಪಸು ಬಂದವಳು ಉಸಿರೆಳೆದರೆ ಮೂಗಿಗೆ ಬರುವುದು ಬೆಳ್ಳುಳ್ಳಿಯ ವಾಸನೆಯೇ. ಹೊಸ ಹುಡುಗಿಯರು ಮೂಗು ಮುಚ್ಚಿಕೊಳ್ಳುತ್ತಾರೆ. ಮೂಗು ಮುಚ್ಚಿಕೊಂಡು ಆಡುವ ಆಟ ಇದಲ್ಲ ಎಂದು ನಾನು ಗದರುತ್ತೇನೆ. ಸ್ವಲ್ಪ ದಿನಕ್ಕೆ ಅವರಿಗೂ ರೂಢಿಯಾಗುತ್ತದೆ.

ಗದರುವುದು ನನ್ನ ಹುಟ್ಟುಗುಣ. ಅಪ್ಪನ ನೌಕರಿಯ ಹಿಂದೆ ಧಾರವಾಡದಿಂದ ಗೋರೆಗಾಂವಿಗೆ ಬಂದವರು ನಾವು. ಧಾರವಾಡದವಳಾದರೂ ಫೇಡೆಯ ಗುಣ ನನಗೆ ಬರಲಿಲ್ಲ ಎಂದು ನನ್ನ ಗಂಡ ಈಗಲೂ ಚೇಷ್ಟೆ ಮಾಡುತ್ತಾನೆ. ಮೊದಲು ಒಂದು ಪಾಯಿಂಟು ಹೋದರೂ ನನ್ನ ಕೂಗು ಕೆಳಗಿನ ಹಮಾಲರಿಗೆ ಕೇಳುತ್ತಿತ್ತು. ಈಚೆಗೆ ಅದೆಲ್ಲ ಕಡಿಮೆಯಾಗಿದೆ. ಶಾಂತಳಾದೆ ಎಂದು ಜನ ಹೊಗಳುತ್ತಾರೆ. ಅದು ಶಾಂತಿಯಲ್ಲ, ಜೋಮು. ಬಹಳ ಹೊತ್ತು ಮಡಿಚಿ ಕೂತ ಕಾಲಿಗೆ ಹಿಡಿಯುತ್ತದಲ್ಲ, ಅಂಥದ್ದು.

ಕಬಡ್ಡಿ ಟೀವಿಯಲ್ಲಿ ಬರತೊಡಗಿ, ಆಟಗಾರರನ್ನು ಹರಾಜಿನಲ್ಲಿ ಕೊಳ್ಳುವುದು ಶುರುವಾದ ಮೇಲೆ ಊರಿನ ದೊಡ್ಡ ಕಾಲೇಜುಗಳಿಗೂ ಅದರ ಗಾಳಿ ಬೀಸಿತು. ಅವು ಈಗ ಚೆನ್ನಾಗಿ ಆಡುವ ಹುಡುಗಿಯರಿಗೆ ಫೀ ಮಾಫಿ ಮಾಡಿ, ಹಾಸ್ಟೆಲು, ಶೂ, ಹಾಲು ಮೊಟ್ಟೆ ಕೊಟ್ಟು, ಮೇಲೆ ತಿಂಗಳು ತಿಂಗಳು ಕೈಗೆ ದುಡ್ಡನ್ನೂ ಕೊಡುತ್ತವೆ. ಅದಕ್ಕೆ ಸ್ಕಾಲರ್‌ಶಿಪ್ ಎಂದು ಹೆಸರು. ನಮ್ಮಂಥ ಸಣ್ಣ ಕಾಲೇಜಿನವರು ಒಂದೆರಡು ವರ್ಷ ಬೆವರು ಸುರಿಸಿ ಹುಡುಗಿಯನ್ನು ತಯಾರು ಮಾಡಬೇಕು. ಆಮೇಲೆ ಅವರು ಬಂದು ಕರೆದುಕೊಂಡು ಹೋಗುತ್ತಾರೆ. ಬಿತ್ತಿದವರು ಯಾರೋ, ಉಂಡವರು ಯಾರೋ.

ಹೋದ ವರ್ಷ ನನ್ನ ತಂಡ ನಿಂತಿದ್ದದ್ದು ಇಬ್ಬರ ಮೇಲೆ. ಒಬ್ಬಳು ಪವಾಯಿಯವಳು. ಅಲ್ಲಿ ಏಳುತ್ತಿರುವ ಟವರುಗಳ ಹಿಂದಿನ ತಗಡಿನ ಮನೆಗಳಲ್ಲಿ ಅವಳ ಸಂಸಾರ. ಅಪ್ಪ ಅಮ್ಮ ಇಬ್ಬರೂ ವಿಜಯಪುರದ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರು. ರೇಡಿಗೆ ಹೋದರೆ ಬರಿಗೈಲಿ ಬಂದವಳಲ್ಲ. ಇನ್ನೊಬ್ಬಳು ಬೈಕುಲ್ಲಾದವಳೇ, ನಮ್ಮ ಲೆಫ್ಟ್ ಕಾರ್ನರ್. ಅವಳ ತಾಯಿ ನಮ್ಮ ಕೆಳಗಿನ ಗೋಡೌನಿನಲ್ಲೇ ಬೆಳ್ಳುಳ್ಳಿ ಬಿಡಿಸುತ್ತಾಳೆ. ಅವರದೂ ಕನ್ನಡದ ಮನೆ, ಆದರೆ ಹುಡುಗಿಯ ಕನ್ನಡ ಅರ್ಧ ಹಿಂದಿಯ ಮೇಲೆ ಕುಂಟುತ್ತಿತ್ತು.

ಎದುರಾಳಿಯ ರೇಡರ್ ಬಂದಾಗ ನಮ್ಮವರು ಇಬ್ಬಿಬ್ಬರು ಕೈ ಕೈ ಹಿಡಿದು ಸರಪಳಿಯಾಗಿ ನಿಲ್ಲುತ್ತಾರೆ. ಅಂಚಿನಲ್ಲಿ ನಿಂತವಳೇ ಕಾರ್ನರ್. ಬಂದವಳ ಕಾಲಿನ ಹರಡು ಹಿಡಿದು ಕೆಡವುವುದು ಅವಳ ಕೆಲಸ, ಹಾಗೆ ಹಾರಿಬಿದ್ದ ಕಾರ್ನರನ್ನು ಕೈ ಹಿಡಿದು ಅಂಕಣದೊಳಗೆ ಉಳಿಸಿಕೊಳ್ಳುವುದು ಪಕ್ಕದವಳ ಕೆಲಸ. ಕನ್ನಡದವರು ಕನ್ನಡದವರು ಹೊಂದಿಕೊಂಡಾರು ಎಂದು ನಾನು ಈ ಇಬ್ಬರನ್ನು ಜೋಡಿ ಹಾಕಿದೆ. ಕೈ ಬಿಟ್ಟವಳು ಮ್ಯಾಟ್ ಒರೆಸಬೇಕು ಎಂಬುದು ನನ್ನ ಕಾಯಿದೆ. ಹಾಗಾಗಿ ಅವರು ಕೈ ಬಿಡುವುದನ್ನೇ ಮರೆತರು. ನೀರು ಕುಡಿಯುವಾಗಲೂ ಒಬ್ಬಳ ಕೈ ಇನ್ನೊಬ್ಬಳಲ್ಲಿರುತ್ತಿತ್ತು. ಗಂಟು ಹಾಕಿದ್ದು ಸಾಕು, ಬಿಚ್ಚಿರೇ ಎಂದು ನಾನೇ ಬೈಯಬೇಕಾಗುತ್ತಿತ್ತು.

ನಮ್ಮಲ್ಲಿ ಒಂದು ಪದ್ಧತಿಯಿದೆ. ಕಾಲೇಜು ಕಾಲೇಜುಗಳ ಪಂದ್ಯಾವಳಿಯಲ್ಲಿ ತಂಡ ಕೊನೆಯ ಎಂಟರೊಳಗೆ ಬಂದರೆ ಆಟಗಾರ್ತಿಯರ ಮುಂದಿನ ವರ್ಷದ ಫೀ ಮಾಫಿ, ಬರದಿದ್ದರೆ ಇಲ್ಲ. ಕಾರ್ನರ್ ಹುಡುಗಿ ಓದುತ್ತಿದ್ದದ್ದು ಆ ಮಾಫಿಯ ಮೇಲೆಯೇ. ಬಿಟ್ಟಿ ಸಿಕ್ಕರೆ ಓದಲಿ, ಇಲ್ಲದಿದ್ದರೆ ಕೆಲಸಕ್ಕೆ ಹೋಗಲಿ ಎಂದು ಅವಳ ಅಣ್ಣ ಮೊದಲೇ ಹೇಳಿಬಿಟ್ಟಿದ್ದ. ಅವಳಿಗಿನ್ನು ಉಳಿದದ್ದು ಡಿಗ್ರಿಯ ಕೊನೆಯ ವರ್ಷ.

ಅಷ್ಟರಲ್ಲಿ ದೊಡ್ಡ ಕಾಲೇಜಿನವರು ಪವಾಯಿಯವಳನ್ನು ಕೇಳಿದರು.

ನಮ್ಮ ಅಡ್ಡಿಯಿಲ್ಲ ಎಂದು ನಾನು ಎನ್‌ಓಸಿ ಬರೆದುಕೊಡದಿದ್ದರೆ ಅವಳು ಒಂದು ವರ್ಷ ಅವರ ಪರವಾಗಿ ಆಡುವಂತಿರಲಿಲ್ಲ. ಅವಳ ತಾಯಿ ಸಿಮೆಂಟು ಮೆತ್ತಿದ ಕಾಲಲ್ಲೇ ಕಾಲೇಜಿಗೆ ಬಂದಳು. ಒಳಗೆ ಬಾ ಎಂದರೂ ಬಾಗಿಲ ಹತ್ತಿರವೇ ನಿಂತಳು.

"ಅಕ್ಕಾರ, ಅಕಿ ನಿಮ್ಮ ಮಗಳ ಅಂತ ತಿಳೀರಿ. ನಿಮ್ಮ ಮಗಳಾಗಿದ್ರ ಬ್ಯಾಡ ಅಂತಿದ್ರೇನು?"

ಬೇಡ ಅನ್ನುತ್ತಿರಲಿಲ್ಲ. ಬರೆದುಕೊಟ್ಟೆ. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಯಾರ ಮೇಲೆ ಬರಬೇಕು? ತಾಯಿ ಕೇಳಿದ್ದು ತಪ್ಪಲ್ಲ, ಹುಡುಗಿ ಹೋದದ್ದೂ ತಪ್ಪಲ್ಲ. ಎಲ್ಲರೂ ಸರಿಯಾಗಿರುವ ಜಾಗದಲ್ಲಿ ಸಿಟ್ಟಿಗೆ ಕೂರಲು ಮಣೆಯೇ ಇರುವುದಿಲ್ಲ. ಆ ಸಂಜೆ ಬೈಕುಲ್ಲಾದಿಂದ ದಾದರಿಗೆ ಬಂದು, ಗಾಡಿ ಬದಲಿಸಿ, ಮನೆಗೆ ಹೋಗಿ, ರೊಟ್ಟಿ ಬಡಿದು ಉಂಡು ಮಲಗಿದೆ. ನಿದ್ದೆಯೂ ಚೆನ್ನಾಗಿ ಬಂತು.

ಹೂವಿನ ಜೊತೆ ನಾರೂ ಸ್ವರ್ಗ ಸೇರಿತು ಅನ್ನುತ್ತಾರೆ. ನಮ್ಮಲ್ಲಿ ಹೂವಷ್ಟೇ ಹೋಯಿತು, ನಾರು ಬೈಕುಲ್ಲಾದಲ್ಲಿ ಉಳಿಯಿತು. ಕಾರ್ನರ್ ಹುಡುಗಿ ಮರುದಿನ ಎಲ್ಲರಿಗಿಂತ ಮೊದಲು ಬಂದು ಮ್ಯಾಟ್ ಹಾಸಿ, ತನ್ನ ಜಾಗದಲ್ಲಿ ನಿಂತು ಬಲಗೈ ಚಾಚಿದಳು. ಹಿಡಿಯಲು ಯಾರೂ ಇರಲಿಲ್ಲ. ನಾನು ಗುಂಡು ಎಸೆಯುವ ಒಬ್ಬ ಉದ್ದನೆಯ ಹುಡುಗಿಯನ್ನು ಕರೆತಂದು ಅಲ್ಲಿ ನಿಲ್ಲಿಸಿದೆ. ಅವಳಿಗೆ ಕಬಡ್ಡಿಯ ಗಂಧಗಾಳಿ ಇರಲಿಲ್ಲ, ಆದರೆ ಕೈಯಲ್ಲಿ ಬಲವಿತ್ತು. ಕಾರ್ನರ್ ಹುಡುಗಿಯೇ ಅವಳಿಗೆ ಹೆಜ್ಜೆ ಹೆಜ್ಜೆಯಾಗಿ ಕಲಿಸಿದಳು. ನನಗಿಂತ ಚೆನ್ನಾಗಿ ಕಲಿಸಿದಳು, ಗದರದೆ.

ಕೊನೆಯ ಎಂಟಕ್ಕೆ ಹೋಗಲು ನಾವು ಗೆಲ್ಲಬೇಕಾದ ಪಂದ್ಯ ಆ ದೊಡ್ಡ ಕಾಲೇಜಿನ ಮೇಲೆಯೇ ಬಿತ್ತು. ಅವರದೇ ಆಟದ ಹಾಲ್, ಮೇಲೆ ಫ್ಯಾನು, ಕೆಳಗೆ ಹೊಸ ಮ್ಯಾಟು. ಪವಾಯಿಯವಳು ಹೊಸ ಜರ್ಸಿಯಲ್ಲಿ ಬಂದು ನನ್ನ ಕಾಲು ಮುಟ್ಟಿದಳು. ಮೈ ಕೈ ತುಂಬಿಕೊಂಡಿದ್ದಳು. ಹೊಟ್ಟೆ ತುಂಬ ಉಣ್ಣುತ್ತಿದ್ದಾಳೆ ಎಂದು ಸಮಾಧಾನವಾಯಿತು. ಅದಕ್ಕಿಂತ ಹೆಚ್ಚು ಏನೂ ಅನ್ನಿಸಲಿಲ್ಲ.

ನಮ್ಮವರು ನಾನು ಎಣಿಸಿದ್ದಕ್ಕಿಂತ ಚೆನ್ನಾಗಿ ಆಡಿದರು. ಕೊನೆಯ ರೇಡಿಗೆ ಎರಡೂ ಕಡೆ ಸಮಸಮ. ಬಂದವಳು ಪವಾಯಿಯವಳು. ಅವಳ ರೀತಿ ನಮ್ಮವರಿಗೆಲ್ಲ ಗೊತ್ತು: ನಮ್ಮ ಬಲಕ್ಕೆ ಹೋದಂತೆ ಮಾಡಿ ಎಡಕ್ಕೆ ಬರುತ್ತಾಳೆ. ಹಾಗೆಯೇ ಬಂದಳು. ಕಾರ್ನರ್ ಹುಡುಗಿ ಕಾದು ನಿಂತಿದ್ದಳು, ಕಾಲು ಅವಳ ಎದುರಿಗೇ ಇತ್ತು. ಪವಾಯಿಯವಳು ಮುಟ್ಟಲೆಂದು ಕೈ ಚಾಚಿದಳು. ಕಾಲಿಗೆ ಬೀಳಬೇಕಾದ ನಮ್ಮ ಹುಡುಗಿ ಆ ಕೈಯನ್ನು ಹಿಡಿದುಬಿಟ್ಟಳು. ತಪ್ಪಿ ಅಲ್ಲ, ಹೆದರಿ ಅಲ್ಲ. ಎರಡು ವರ್ಷ ಚಾಚಿದಾಗಲೆಲ್ಲ ಹಿಡಿದ ಕೈ ಅದು.

ಬೆರಳಿಗೆ ಬೆರಳು ಸೇರಿಸಿ, ದಿನಾ ಹಿಡಿಯುವ ಹಾಗೇ ಹಿಡಿದಳು. ಓಡುವವಳನ್ನು ಹಾಗೆ ಹಿಡಿದರೆ ನಿಲ್ಲುವುದಿಲ್ಲ. ಪವಾಯಿಯವಳು ನಡುಗೆರೆಯ ಕಡೆ ಜಿಗಿದಳು, ಇವಳನ್ನೂ ಎಳೆದುಕೊಂಡೇ ಹೋದಳು. ಸೀಟಿ ಊದಿದಾಗ ಇಬ್ಬರೂ ಗೆರೆಯ ಮೇಲೆ ಬಿದ್ದಿದ್ದರು. ಕೈ ಇನ್ನೂ ಬಿಟ್ಟಿರಲಿಲ್ಲ. ಪಾಯಿಂಟು ಅವರಿಗೆ ಹೋಯಿತು, ಪಂದ್ಯವೂ ಹೋಯಿತು. ಇಷ್ಟು ದಡ್ಡ ಕಾರ್ನರನ್ನು ನೋಡಿಲ್ಲ ಎಂದು ಹಿಂದೆ ಯಾರೋ ಮರಾಠಿಯಲ್ಲಿ ಹೇಳಿ ನಕ್ಕರು.

ಮುಂದಿನದೆಲ್ಲ ಸಲೀಸಾಗಿ ನಡೆಯಿತು. ಪ್ರಿನ್ಸಿಪಾಲರು ಕೆಟ್ಟವರಲ್ಲ. ನನ್ನನ್ನು ಕೂರಿಸಿ, ಚಹಾ ತರಿಸಿ, ಟೆರೇಸಿಗೆ ಶೆಡ್ ಹಾಕಿಸಿ ಕಂಪ್ಯೂಟರ್ ಲ್ಯಾಬ್ ಮಾಡುವ ವಿಚಾರ ಹೇಳಿದರು. ಗೆದ್ದ ತಂಡವನ್ನೂ ದೊಡ್ಡವರು ಒಯ್ಯುತ್ತಾರೆ, ಸೋತ ತಂಡಕ್ಕೆ ಫೀ ಮಾಫಿ ಕೊಡಲು ಬರುವುದಿಲ್ಲ, ಹೀಗಿರುವಾಗ ಕಬಡ್ಡಿ ಯಾರಿಗಾಗಿ ಎಂದು ಕೇಳಿದರು. ನನಗೆ ಯೋಗದ ಕ್ಲಾಸು ಕೊಡುತ್ತೇವೆ ಎಂದರು, ಆಗಲಿ ಎಂದು ಚಹಾ ಕುಡಿದು ಎದ್ದೆ.

ಅದೇ ವಾರ ದೊಡ್ಡ ಕಾಲೇಜಿನ ಕೋಚು ಫೋನು ಮಾಡಿದ. ಆ ಉದ್ದನೆಯ ಹುಡುಗಿಯನ್ನು ಕೊಡುತ್ತೀರಾ ಎಂದು ಕೇಳಿದ. ಕಬಡ್ಡಿಗೆ ಬಂದು ನಾಲ್ಕು ದಿನವಾದವಳು! ಕೊಡುತ್ತೇನೆ ಎಂದೆ. ಅವಳಿಗೆ ಕಲಿಸಿದವಳು ಲೆಫ್ಟ್ ಕಾರ್ನರ್, ಅವಳನ್ನೂ ಕರೆದುಕೊಳ್ಳಿ, ದುಡ್ಡು ಬೇಡ, ಫೀ ಒಂದು ಕಟ್ಟಿದರೆ ಸಾಕು ಎಂದೂ ಹೇಳಿದೆ. ಯಾರ ಹತ್ತಿರವೂ ಹಾಗೆ ಬೇಡಿದವಳಲ್ಲ ನಾನು. ಕೈ ಹಿಡಿದವಳಲ್ಲವೇ ಎಂದು ಅವನು ನಕ್ಕ. ಕಾರ್ನರ್‌ಗಳು ತಮ್ಮಲ್ಲಿ ಬೇಕಾದಷ್ಟಿದ್ದಾರೆ ಎಂದ.

ಉದ್ದನೆಯ ಹುಡುಗಿ ಹೋಗುವ ಸುದ್ದಿ ಕಾರ್ನರ್ ಹುಡುಗಿಗೆ ಮುಟ್ಟಿತು. ಕ್ರೀಡಾ ವಿಭಾಗವೆಂದರೆ ಮೆಟ್ಟಿಲ ಕೆಳಗಿನ ಒಂದು ಗೂಡು. ಅಲ್ಲಿ ನಾನು ಜರ್ಸಿಗಳನ್ನು ಗಂಟು ಕಟ್ಟುತ್ತಿದ್ದೆ. ಅವಳು ಬಂದು ನಿಂತಳು.

"ಮೇಡಂ, ಸಚ್ ಹೇಳ್ರಿ. ಆ ಕಾಲೇಜಿನವರು ನನ್ನ ಕೇಳಿದ್ರೇನು?"

ಇಲ್ಲ ಎನ್ನಲು ಬಾಯಿ ತೆರೆದಿದ್ದೆ. ಅವಳ ಮುಖ ನೋಡಿದೆ. ಆ ಇಲ್ಲವನ್ನು ಕೇಳಿಸಿಕೊಳ್ಳಲು ಅವಳು ಮೊದಲೇ ತಯಾರಾಗಿ ಬಂದಿದ್ದಳು.

"ಕೇಳಿದ್ರು. ನಾನ ಕೊಡೂದಿಲ್ಲ ಅಂದೆ."

"ಕ್ಯೂಂ ಮೇಡಂ? ಅಕಿಗೆ ಕೊಟ್ರಿ, ಇಕಿಗೂ ಕೊಟ್ರಿ. ನನಗ ಯಾಕ ಕೊಡಲಿಲ್ಲ?"

"ಎಲ್ಲಾರೂ ಹ್ವಾದ್ರ ನನಗ ಯಾರಿರ್ತಾರ?"

ಇದು ನನಗೆ ಅರಿವಿಲ್ಲದೆ ಬಾಯಿಂದ ಬಂದದ್ದು, ಸುಳ್ಳೋ ನಿಜವೋ ಈಗಲೂ ಗೊತ್ತಿಲ್ಲ. ಅವಳ ಮುಖ ಮೊದಲು ಬೆಳಗಿತು, ಆಮೇಲೆ ಕೆಂಪಾಯಿತು. ನನ್ನ ಮೇಲೆ ಆ ಹುಡುಗಿ ಸಿಟ್ಟಾದದ್ದು ಅದೇ ಮೊದಲು. ಫೀ ನಾನು ಕಟ್ಟುತ್ತೇನೆ ಎಂದೆ. ನಿಮ್ಮ ರೊಕ್ಕ ಬೇಡ ಎಂದು ಹೋದಳು. ಮೆಟ್ಟಿಲ ಮೇಲೆ ತಂಡದ ಬೇರೆ ಹುಡುಗಿಯರಿಗೆ, ತನ್ನನ್ನೂ ಕೇಳಿದ್ದರು, ಮೇಡಂ ಬಿಡಲಿಲ್ಲ ಎಂದು ದೊಡ್ಡ ದನಿಯಲ್ಲಿ ಹೇಳಿದ್ದು ನನಗೆ ಕೇಳಿಸಿತು. ನಾನು ಜರ್ಸಿಗಳನ್ನು ಕಟ್ಟುತ್ತ ಕೂತೆ.

ಆಮೇಲೆ ನನಗೆ ಒಂದೇ ಹೆದರಿಕೆ ಉಳಿಯಿತು. ಅವಳು ಪವಾಯಿಯವಳಿಗೆ ಒಂದು ಫೋನು ಮಾಡಿದರೆ ನನ್ನ ಸುಳ್ಳು ನಿಂತಲ್ಲೇ ಬೀಳುತ್ತಿತ್ತು. ಬಿದ್ದರೆ ಅವಳ ಪಾಲಿಗೆ ಉಳಿಯುವುದು ಆ ಕೋಚು ನಕ್ಕು ಆಡಿದ ಮಾತೊಂದೇ. ಹುಡುಗಿ ಕಾಲೇಜಿಗೆ ಬರುವುದನ್ನು ಬಿಟ್ಟಳು. ಗೋಡೌನಿನಲ್ಲಿ ಅವಳ ತಾಯಿ ನನ್ನನ್ನು ಕಂಡರೆ ಮುಖ ತಿರುಗಿಸುತ್ತಿದ್ದಳು.

ಮಳೆಗಾಲ ಮುಗಿದ ಮೇಲೆ ಒಂದು ಸಂಜೆ ಪವಾಯಿಯವಳೇ ಫೋನು ಮಾಡಿದಳು. ನಾನು ಲೋಕಲ್ ರೈಲಿನಲ್ಲಿ ನಿಂತಿದ್ದೆ. ಕಾರ್ನರ್ ಹುಡುಗಿ ಮಾಲೊಂದರಲ್ಲಿ ಕೆಲಸಕ್ಕೆ ಸೇರಿದ್ದಾಳಂತೆ. ಸಂಬಳದಲ್ಲೇ ಕೊನೆಯ ವರ್ಷದ ಪರೀಕ್ಷೆಗೆ ಹೊರಗಿನಿಂದ ಕಟ್ಟಿದ್ದಾಳಂತೆ, ಮೇಡಂಗೆ ಪಾಸಾಗಿ ತೋರಿಸುತ್ತೇನೆ ಎಂದು ಹಟ ಹಿಡಿದಿದ್ದಾಳಂತೆ. ಇಷ್ಟು ಹೇಳಿ ಅವಳು ದನಿ ತಗ್ಗಿಸಿದಳು.

"ಅಕಿ ನನಗ ಕೇಳಿದ್ಲು ಮೇಡಂ, ಖರೇನ ನಿಮ್ಮ ಕಾಲೇಜಿನವರು ನನ್ನ ಕೇಳಿದ್ರೇನು ಅಂತ. ನಂಗ ಹಂಗೇನೂ ಗೊತ್ತಿರಲಿಲ್ಲ. ಆದ್ರೂ ಹೌದು ಅಂದೆ. ಮೊದಲ ನಿನ್ನ ಕೇಳಿದ್ರು, ಆಮ್ಯಾಲ ನನ್ನ ಅಂತ ಹೇಳೀನಿ."

ಅಷ್ಟು ದಿನ ಎಲ್ಲಿ ಕೂತಿತ್ತೋ, ನನಗೆ ಅಳು ಬಂತು. ಬಾಗಿಲ ಕಂಬ ಹಿಡಿದು, ನಾಚಿಕೆ ಬಿಟ್ಟು ಅತ್ತೆ. ಪಕ್ಕದವಳು ಕ್ಯಾ ಹುವಾ ಆಂಟಿ ಎಂದಳು. ಫೋನಿನಲ್ಲಿ ಹುಡುಗಿ, ತಾನು ಮಾಡಿದ್ದು ತಪ್ಪಾಯಿತೇ ಎಂದು ಮತ್ತೆ ಮತ್ತೆ ಕೇಳುತ್ತಿದ್ದಳು. ಗೋರೆಗಾಂವ್ ಬಂದಿತ್ತು, ಹಿಂದಿನವರು ನೂಕುತ್ತಿದ್ದರು.

"ಇಲ್ಲವ್ವಾ," ಎಂದೆ. "ಯಾರ ಕೇಳಿದ್ರೂ ಹಂಗ ಹೇಳು."