ಅಜ್ಜಂಪುರದ ಹಾಲ್ಟ್

ಎಂಬತ್ತರ ದಶಕದ ಕೊನೆಯಲ್ಲಿ ಕಡೂರಿನ ಒಂದು ಖಾಸಗಿ ಬಸ್ ಕಂಪನಿ ಕಂಪ್ಯೂಟರ್ ಕೊಂಡಿತು. ಯಾವ ಕಂಡಕ್ಟರ್ ಯಾವ ಬಸ್ಸಿಗೆ, ರಾತ್ರಿ ಹಾಲ್ಟ್ ಯಾವ ಊರಲ್ಲಿ ಎಂಬುದನ್ನು ಇನ್ನು ಮುಂದೆ ಅದೇ ಹಾಕಿಕೊಡಬೇಕಿತ್ತು. ಪ್ರೋಗ್ರಾಂ ಬರೆಯುವ ಕೆಲಸ ನನ್ನದು. ಬರೆಯುವ ಮೊದಲು ಎಲ್ಲರನ್ನೂ ಒಟ್ಟಿಗೆ ಕೂರಿಸಿ, ಯಾರಿಗೆ ಏನು ಗೊತ್ತೋ ಹೇಳಿಸಬೇಕು ಎಂದು ಓದಿದ್ದೆ. ಬಸ್ ಶೆಡ್ಡಿನಲ್ಲಿ ಬೆಂಚು ಹಾಕಿಸಿ, ಕಂಪನಿಯ ಯಜಮಾನರಿಂದ ಹಿಡಿದು ಡ್ರೈವರ್, ಕಂಡಕ್ಟರುಗಳವರೆಗೆ ಎಲ್ಲರನ್ನೂ ಕರೆಸಿದೆ.

ಅವರಲ್ಲೊಬ್ಬ ಕಂಡಕ್ಟರನ ಹೆಂಡತಿ ಲಕ್ವ ಹೊಡೆದು ಅಜ್ಜಂಪುರದಲ್ಲಿ ಮಲಗಿದ್ದಳು. ಡ್ಯೂಟಿ ಹಾಕುವ ಗುಮಾಸ್ತರು ಸದ್ದಿಲ್ಲದೆ ಅವನಿಗೆ ಅಜ್ಜಂಪುರದ ಹಾಲ್ಟನ್ನೇ ಕೊಡುತ್ತಿದ್ದರು. ಅವಳ ಮೈ ಒರೆಸಿ, ಉಣಿಸಿ, ಬೆಳಗಿನ ಬಸ್ಸಿಗೆ ಅವನು ಹಾಜರಾಗುತ್ತಿದ್ದ. ಯಜಮಾನರನ್ನು ಮತ್ತು ನನ್ನನ್ನು ಬಿಟ್ಟು ಎಲ್ಲರಿಗೂ ಇದು ಗೊತ್ತಿತ್ತು.

ಮಾತು ಚೆನ್ನಾಗಿಯೇ ನಡೆಯಿತು. ಸಂತೆಯ ದಿನ ಸಖರಾಯಪಟ್ಟಣಕ್ಕೆ ಯಾವ ಬಸ್ಸು ಬಿಡಬೇಕು, ತರೀಕೆರೆ ಸ್ಟ್ಯಾಂಡಿನಲ್ಲಿ ಎಷ್ಟು ಹೊತ್ತು ನಿಂತರೆ ಜಗಳ, ಎಲ್ಲ ಬರೆದುಕೊಂಡೆ. ಇನ್ನೇನಾದರೂ ಉಳಿದಿದೆಯೇ ಎಂದೆ. ಹಾಗೆ ಕೇಳಿದೆನೆಂದೇ ನೆನಪು. ಗುಮಾಸ್ತರು ಎದ್ದು ಆ ಕಂಡಕ್ಟರನ ವಿಷಯ ಹೇಳಿದರು. ಹೇಳದಿದ್ದರೆ ಮಿಷನ್ನಿಗೆ ಹೇಗೆ ತಿಳಿಯುತ್ತದೆ ಎಂದುಕೊಂಡಿರಬೇಕು.

"ಅಲ್ಲಾ ಕಣ್ರೀ, ನಂಗೊಂದು ಮಾತು ಹೇಳ್ಬಾರ್ದಿತ್ತಾ?" ಎಂದರು ಯಜಮಾನರು. "ಬರ್ಕೊಳ್ಳಿ, ಅವನಿಗೆ ಅಜ್ಜಂಪುರ."

ಆಗ ಒಬ್ಬ ಡ್ರೈವರ್, "ಹಂಗಾದ್ರೆ ನಂಗೆ ಮನೆಯಿಂದ ದೂರದ ಹಾಲ್ಟ್ ಬರ್ಕಳಿ ಸಾರ್. ನನ್ ಹೆಂಡ್ತಿ ಕಾಲು ಗಟ್ಟಿಯಾಗವೆ, ಒದೀತಾಳೆ" ಎಂದ.

ಡೈರಿಯಲ್ಲಿ 'ಎಲ್ಲರೂ ನಕ್ಕರು' ಎಂದು ಬರೆದಿದ್ದೇನೆ. ಆ ಕಂಡಕ್ಟರನೂ ನಕ್ಕನೇ? ಅವನ ಮುಖ ನೆನಪಾಗುವುದಿಲ್ಲ.

ನಗು ನಿಂತ ಮೇಲೆ ಇನ್ನೊಬ್ಬ, "ನಮ್ಮವ್ವಂಗೆ ಕಣ್ಣು ಕಾಣಲ್ಲ, ನಂಗೆ ಹಿರೇನಲ್ಲೂರು ಕೊಡಿ" ಎಂದ. ಅದು ತಮಾಷೆಯಲ್ಲ. ಆಮೇಲೆ ಮತ್ತೊಬ್ಬ ಅಜ್ಜಂಪುರವನ್ನೇ ಕೇಳಿದ. ಅವನದೂ ನಿಜವಾದ ಕಾರಣವೇ. ಯಜಮಾನರು ಕೈ ಎತ್ತಿದರು.

"ಬ್ಯಾಡ. ಯಾರಿಗೂ ಬ್ಯಾಡ. ಎಲ್ರಿಗೂ ಸರದಿ."

ಸರದಿ ಬರೆಯುವುದು ನನಗೆ ಸುಲಭವಾಗಿತ್ತು. ಸಂಜೆ ಗುಮಾಸ್ತರು ಬಂದು, "ಅವನೊಬ್ಬಂಗೆ ಮೊದ್ಲಿನಂಗೆ ಮಾಡಕ್ಕಾಗಲ್ವಾ?" ಎಂದರು. ಆಗುತ್ತಿತ್ತು. ಆದರೆ ಈಗ ಎಲ್ಲರೂ ಪಟ್ಟಿ ನೋಡುತ್ತಾರೆ ಎಂದು ಅವರೇ ಹೇಳಿ ಹೋದರು.

ಮೊದಲ ಪಟ್ಟಿ ಗೋಡೆಗೆ ಅಂಟಿಸಿದ ದಿನ ಆ ಕಂಡಕ್ಟರನಿಗೆ ತರೀಕೆರೆ ಬಂದಿತ್ತು.

"ಅಜ್ಜಂಪುರ ಯಾವಾಗ ಬತ್ತದೆ ಸಾರ್?"

"ಮುಂದಿನ ವಾರ."

"ಪಕ್ಕದ ಮನೆಯೋರ್ಗೆ ಹೇಳ್ಬೇಕು," ಎಂದು ಟಿಕೆಟ್ ಚೀಲ ಹೆಗಲಿಗೆ ಹಾಕಿಕೊಂಡ. ಬಸ್ಸು ಹತ್ತಿ, ರೈಟ್ ಎಂದ.