ಸೋಮವಾರ ಜೋಡಿಸಿದ ರಂಟಿ

ಐರಣಿಯ ಅಜ್ಜರೊಬ್ಬರ ಹತ್ತಿರ ನನಗಿಂತ ವಯಸ್ಸಾದ ಸಣ್ಣ ಟ್ರ್ಯಾಕ್ಟರ್ ಇದೆ. ಅದಕ್ಕೆ ಹಾವೇರಿಯಿಂದ ಉಳುವ ರಂಟಿ ತಂದವರು, ಜೋಡಿಸಿಕೊಡು ಎಂದು ರಾಣೆಬೆನ್ನೂರಿನ ನನ್ನ ವೆಲ್ಡಿಂಗ್ ಅಂಗಡಿಗೆ ಫೋನ್ ಮಾಡಿದರು. ಹೋದೆ. ರಂಟಿಯ ತೂತಿನ ಅಳತೆ ಒಂದು, ಟ್ರ್ಯಾಕ್ಟರಿನ ಪಿನ್ನಿನದು ಇನ್ನೊಂದು. ತೂತು ದೊಡ್ಡದು ಮಾಡಿ, ನೆಲದ ಮೇಲೆ ಮಲಗಿ, ಪಿನ್ನನ್ನು ಸುತ್ತಿಗೆಯಿಂದ ಬಡಿದು ಬಡಿದು ಕೂಡಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ಹೆಬ್ಬೆರಳು ಊದಿತ್ತು.

“ಅಜ್ಜಾರ, ಒಂದ ಸಾಲು ಹೊಡದು ನೋಡೂಣ್ರಿ. ಸೊಟ್ಟ ಹೋದ್ರ ಈಗ ಸರಿ ಮಾಡ್ತೇನಿ,” ಎಂದೆ.

“ಇವತ್ತ ಸೋಮವಾರ ತಮ್ಮಾ, ಬಸವಣ್ಣನ ವಾರ. ಗಳೇ ಹೂಡಂಗಿಲ್ಲ, ಹೊಲಾ ಉಳಂಗಿಲ್ಲ.”

“ಎತ್ತು ಹೂಡಂಗಿಲ್ಲ, ಖರೇ. ಇದು ಡೀಸೆಲ್ ಕುಡಿಯೂದ್ರಿ!”

“ಏನರ ಕುಡೀಲಿ. ಎತ್ತು ಮಾರಿ ಇದನ್ನ ತಂದೇನಿ. ಎತ್ತಿನ ಜಾಗಾದಾಗ ಐತಿ.”

ಹತ್ತು ಹೆಜ್ಜೆ ಸಾಕು ಎಂದು ಗೋಗರೆದೆ. ಅಜ್ಜ ಕೀಲಿ ತೆಗೆದು ಕಿಸೆಗೆ ಹಾಕಿಕೊಂಡರು. ಇಷ್ಟಕ್ಕೇ ನಾಳೆ ಮತ್ತೆ ಬರಬೇಕಲ್ಲ ಎಂದು ಒಳಗೊಳಗೇ ಬೈದುಕೊಳ್ಳುತ್ತ ಸಾಮಾನು ಚೀಲಕ್ಕೆ ತುಂಬಿದೆ.

“ಎಲ್ಲಿ ಹೊಂಟಿ? ರಂಟಿ ಬಿಚ್ಚಿ ಟ್ರಾಲಿ ಹಚ್ಚಿಕೊಡು. ಮೆಣಸಿನಕಾಯಿ ಬ್ಯಾಡಗಿಗೆ ಒಯ್ಯಬೇಕು.” ಕೀಲಿ ಕಿಸೆಯಿಂದ ಹೊರಗೆ ಬಂದಿತ್ತು.

“ಇವತ್ತ ಸೋಮವಾರ ಅಲ್ಲೇನ್ರಿ?”

“ಗಳೇ ಹೂಡಬಾರದು. ಚಕ್ಕಡಿ ಗಾಡಿ ಹೂಡಾಕ ಯಾರ ಬ್ಯಾಡ ಅಂದಾರ?”

ಮತ್ತೆ ಮಲಗಿ, ಬಡಿದು ಕೂಡಿಸಿದ ಪಿನ್ನನ್ನೇ ಬಡಿದು ತೆಗೆದೆ. ಇನ್ನೂ ಒಂದು ಸಾಲು ಹೊಡೆಯದ ರಂಟಿಗೂ ಬಸವಣ್ಣ ರಜೆ ಕೊಟ್ಟಿದ್ದಾನೆ. ಪಿನ್ನು ಬಡಿಯುವ ನನಗೆ ಕೊಡುವುದನ್ನು ಮಾತ್ರ ಮರೆತಿದ್ದಾನೆ.